ಅಕ್ಕನ ಕಾರಿನ ಛಾವಣಿ ಮತ್ತು ನನ್ನ ಒಂದು ನಿದ್ದೆ

ಮುಚ್ಚಳ ತೆಗೆಯುವ ಮತ್ತು ಹಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಳನೇ ಕ್ಲಾಸಿನಲ್ಲಿ ನಾನೂ ಶಾಲೆಯೂ ಪರಸ್ಪರ ಒಪ್ಪಿಗೆಯಿಂದ ಬೇರೆಯಾದ ಮೇಲೆ ನಾನು ಮಾಡಿಕೊಂಡು ಬಂದದ್ದು ಅದೊಂದೇ ಕೆಲಸ. ಮೊದಲು ಉಡುಪಿಯ ಹೋಟೆಲಿನಲ್ಲಿ, ಈಗ ಲಂಡನ್ನಿನ ರೇನರ್ಸ್ ಲೇನಿನ ಹೋಟೆಲಿನಲ್ಲಿ, ಬೆಳಗಾದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆ, ಹಾಕು; ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆ, ಹಾಕು. ಹೀಗಿರುವಾಗ ಒಂದು ಕಾರಿನ ಮುಚ್ಚಳ ಯಾವ ಲೆಕ್ಕ!

ಕಾರು ನನ್ನದಲ್ಲ. ನನ್ನ ಅಕ್ಕ ಸುಮತಿಯದು. ಅಕ್ಕ ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನನ್ನನ್ನೂ ನನ್ನ ಹೆಂಡತಿ ಜಲಜಳನ್ನೂ ಈ ಊರಿಗೆ ಕರೆಸಿ, ಹ್ಯಾರೋದ ತನ್ನ ಮನೆಯಲ್ಲೇ ಇಟ್ಟುಕೊಂಡವಳು. ಬೇರೆಯವರ ಹಾಸಿಗೆ ಸರಿಮಾಡುತ್ತಲೇ ವಯಸ್ಸು ಕಳೆದ ಅವಳು ಹೋದ ಚಳಿಗಾಲದಲ್ಲಿ ತನಗಾಗಿ ಅಂತ ಮೊದಲ ಬಾರಿ ಒಂದು ವಸ್ತು ತಗೊಂಡಳು. ಎರಡೇ ಸೀಟಿನ, ಗಾಢ ಕೆಂಪಿನ, ಹಳೆಯ ಸ್ಪೋರ್ಟ್ಸ್ ಕಾರು. ಎಷ್ಟು ತಗ್ಗು ಎಂದರೆ ಒಳಗೆ ಕೂತರೆ ಊಟಕ್ಕೆ ಮಣೆಯ ಮೇಲೆ ಕೂತ ಹಾಗೆ. ಅದರ ವಿಶೇಷವೆಂದರೆ ಛಾವಣಿ. ತಲೆಯ ಮೇಲಿನ ಭಾಗ ಕಪ್ಪು ಬಣ್ಣದ ಒಂದು ಬಿಡಿ ಹಲಗೆ. ಒಳಗಿರುವ ಎರಡು ಹಿಡಿಕೆ ತಿರುಗಿಸಿ ಎತ್ತಿದರೆ ಹಲಗೆ ಕೈಗೆ ಬರುತ್ತದೆ, ಆಮೇಲೆ ತಲೆಯ ಮೇಲೆ ಬರೀ ಆಕಾಶ.

ಆದರೆ ತಗೊಂಡಂದಿನಿಂದ ಮಳೆ, ಮೋಡ, ಮತ್ತೆ ಮಳೆ. ಛಾವಣಿ ಒಮ್ಮೆಯೂ ತೆಗೆದಿರಲಿಲ್ಲ. ಬೇಸಿಗೆಯ ಒಂದು ಸೋಮವಾರ ಅಕ್ಕ ಹೇಳಿದಳು: "ಗಣಪ, ಬುಧವಾರ ನನಗೆ ರಜೆ. ಬಿಸಿಲು ಉಂಟಂತೆ. ಆಕಾಶದ ಕೆಳಗೆ ಕಾರು ಬಿಡಬೇಕು ಅಂತ ನನಗೆ ಎಷ್ಟು ಕಾಲದ ಆಸೆ, ನಿನಗೆ ಗೊತ್ತುಂಟಲ್ಲ. ಮೊದಲ ಸಲ ತೆಗೆಯುವುದು ನಾನೇ. ಅಲ್ಲಿವರೆಗೆ ಯಾರೂ ಮುಟ್ಟಬಾರದು."

ಯಾರೂ ಎಂದರೆ ಹೊರಗಿನವರು ಎಂದು ನಾನು ಅರ್ಥ ಮಾಡಿಕೊಂಡೆ.

ಮಂಗಳವಾರದಿಂದ ನನಗೆ ಎರಡು ದಿನ ರಜೆ. ಅಕ್ಕ ಬಸ್ಸು ಹಿಡಿದು ಡ್ಯೂಟಿಗೆ ಹೋದಳು. ಹತ್ತು ಗಂಟೆಗೆ ನೋಡಿದರೆ ಲಂಡನ್ನಿಗೇ ನಾಚಿಕೆಯಾಗುವಂಥ ಬಿಸಿಲು! ನನ್ನೊಳಗೆ ಅಕ್ಕನ ಮೇಲಿನ ಪ್ರೀತಿ ಉಕ್ಕಿ ಬಂತು. ಪಾಪ, ನಾಳೆ ಹಿಡಿಕೆ ಗಟ್ಟಿಯಾಗಿದ್ದರೆ? ಇವತ್ತೇ ಒಮ್ಮೆ ತೆಗೆದು ಹಾಕಿಟ್ಟರೆ ನಾಳೆ ಅವಳಿಗೆ ಹಗುರ. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಅಕ್ಷರಗಳಿದ್ದವು. ಆದ್ದರಿಂದ ತೆರೆಯಲಿಲ್ಲ.

"ಅಕ್ಕ ಮುಟ್ಟಬೇಡ ಅಂದಿದ್ದಾರೆ," ಎಂದಳು ಜಲಜ.

"ನಾನು ಮುಟ್ಟುವುದಿಲ್ಲ ಮಾರಾಯ್ತಿ, ಎತ್ತುವುದು ಮಾತ್ರ. ಆ ಕಡೆ ಹಿಡಿ."

ಹಿಡಿಕೆಗಳು ಬೆಣ್ಣೆಯ ಹಾಗೆ ತಿರುಗಿದವು. ಇಬ್ಬರೂ ಸೇರಿ ಎತ್ತಿದೆವು. ಬಂತು! ಕಪ್ಪಗೆ, ಹೊಳೆಯುತ್ತಾ, ಆಮೆಯ ಬೆನ್ನಿನಂಥ ಹಲಗೆ. ಹಿತ್ತಲಿಗೆ ಒಯ್ದು ಎರಡು ಕುರ್ಚಿಯ ಮೇಲೆ ಇಟ್ಟೆವು. ಅಷ್ಟರಲ್ಲೇ ಅದು ಬಿಸಿಲಿಗೆ ಬೆಚ್ಚಗಾಗಿತ್ತು. ಕೈಯಿಟ್ಟು ನೋಡಿದೆ. ನನ್ನ ಅಡುಗೆಯ ಬುದ್ಧಿ ಎಚ್ಚೆತ್ತಿತು.

ಜಲಜ ಆ ಬೆಳಿಗ್ಗೆ ಬಿಸಿಲಿನ ಸಂಭ್ರಮಕ್ಕೆ ಸಬ್ಬಕ್ಕಿ ಸಂಡಿಗೆಯ ಗಂಜಿ ಕಾಯಿಸಿಟ್ಟಿದ್ದಳು. ಎಲ್ಲಿ ಹಾಕುವುದು ಎಂಬುದೇ ಅವಳ ಚಿಂತೆ, ಹಿತ್ತಲೆಲ್ಲ ಹುಲ್ಲು.

"ಇದರ ಮೇಲೆ ಹಾಕು," ಎಂದೆ.

"ನಿಮಗೆ ತಲೆ ಸರಿ ಉಂಟಾ? ಅದು ಕಾರಿನ ತಲೆ ಮೇಲಿನ ಮಾಡು!"

"ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವ. ಕಪ್ಪು ಬಣ್ಣ, ಬೇಗ ಒಣಗ್ತದೆ. ಅಕ್ಕನಿಗೂ ಸಂಡಿಗೆ ಅಂದ್ರೆ ಪ್ರಾಣ."

ಎಲ್ಲ ಅಕ್ಕನಿಗಾಗಿಯೇ! ಚಮಚದಲ್ಲಿ ಸಾಲಾಗಿ ಹಾಕಿದೆ. ಆಮೆಯ ಬೆನ್ನಿನ ಮೇಲೆ ಗಂಜಿ ನಿಲ್ಲುವುದಿಲ್ಲ ಎಂಬ ಸಂಗತಿ ನನಗೆ ಆಗ ಹೊಳೆಯಲಿಲ್ಲ. ಜಲಜ ಒಳಗೆ ಹೋದಳು. ನಾನು ಕಾರು ಹೇಗೆ ಕಾಣುತ್ತದೆ ನೋಡೋಣ ಎಂದು ಮುಂಬಾಗಿಲಿಗೆ ಬಂದೆ. ನೋಡಿದೆ. ಬಾಗಿಲು ತೆರೆದೆ. ಕೂತೆ.

ಇಲ್ಲಿಂದ ಮುಂದೆ ನಡೆದದ್ದಕ್ಕೆ ನಾನು ಪೂರ್ತಿ ಜವಾಬ್ದಾರನಲ್ಲ. ಮೋಡಗಳೂ ಜವಾಬ್ದಾರರು.

ತಲೆ ಹಿಂದಕ್ಕೆ ಚಾಚಿದರೆ ಕಣ್ಣ ತುಂಬ ನೀಲಿ. ಅದರಲ್ಲಿ ಬಿಳಿ ಮೋಡಗಳು ಒಂದರ ಹಿಂದೊಂದು ಹಿಂದಕ್ಕೆ ಹೋಗುತ್ತಿದ್ದವು. ನೋಡುತ್ತಾ ನೋಡುತ್ತಾ ಮೋಡ ನಿಂತಿತು, ಕಾರು ಹೊರಟಿತು. ನಿಜಕ್ಕೂ! ಎಂಜಿನ್ ಇಲ್ಲ, ಸದ್ದಿಲ್ಲ, ಮೆಲ್ಲಗೆ ತೇಲುತ್ತಾ ಹೊರಟಿತು. ದೂರದಲ್ಲಿ ಟ್ಯೂಬ್ ರೈಲು ಹಳಿಯ ಮೇಲೆ ಹೋದದ್ದು ಅಲೆ ಬಂದು ಮರಳಿಗೆ ಬಡಿದ ಹಾಗೆ ಕೇಳಿತು. ಮರವಂತೆಯ ರಸ್ತೆ, ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಹೊಳೆ. ಪಕ್ಕದ ಸೀಟಿನಲ್ಲಿ ಎರಡು ಜಡೆಯ ಅಕ್ಕ ಕೂತಿದ್ದಳು. ಅವಳ ಕೈಯಲ್ಲಿ ನನ್ನ ಸ್ಲೇಟು. ಗಾಳಿಗೆ ಸ್ಲೇಟಿನ ಅಕ್ಷರಗಳೆಲ್ಲ ಹಕ್ಕಿಗಳ ಹಾಗೆ ಹಾರಿ ಹೋಗುತ್ತಿದ್ದವು. "ಹೋಗಲಿ ಬಿಡು ಗಣಪ," ಎಂದಳು ಅಕ್ಕ. ಸಮುದ್ರ ಎದ್ದು ನಿಂತು ನನ್ನ ಮೂಗಿನ ಮೇಲೆ ಒಂದು ಹನಿ ಹಾಕಿತು. ಎಷ್ಟು ತಂಪು! ಇನ್ನೊಂದು ಹನಿ. ಆಮೇಲೆ ಒಂದು ಬಕೆಟ್.

"ಮಳೆ! ಏಳಿ ಮಾರಾಯ್ರೇ, ಮಳೆ!"

ಜಲಜ ಕೊಡೆ ಹಿಡಿದು ಓಡಿ ಬರುತ್ತಿದ್ದಳು. ನನ್ನ ಮಡಿಲಲ್ಲಿ ನೀರು ನಿಂತಿತ್ತು. ಸೀಟು ಸ್ಪಂಜಾಗಿತ್ತು. ಹಿತ್ತಲಿಗೆ ಓಡಿದೆವು. ಹಲಗೆಯ ಮೇಲೆ ಒಂದೇ ಒಂದು ಸಂಡಿಗೆ ಉಳಿದಿರಲಿಲ್ಲ. ಎಲ್ಲವೂ ಪ್ಲಾಸ್ಟಿಕ್ ಹಾಳೆಯ ಮೇಲಿಂದ ಎರಡೂ ಬದಿಗೆ ಜಾರಿ, ಅಂಚಿನ ರಬ್ಬರಿನ ಸಂದಿಯಲ್ಲಿ ಹೋಗಿ ಕೂತಿದ್ದವು. ಸೀರೆಯ ಸೆರಗಿನಿಂದ ಅವಳು, ಅಂಗಿಯ ತುದಿಯಿಂದ ನಾನು, ಕಂಡಷ್ಟು ಒರೆಸಿದೆವು. ಎತ್ತಿಕೊಂಡು ಓಡಿದೆವು.

ಹಲಗೆ ಕೂರಲಿಲ್ಲ! ಒತ್ತಿದೆ, ಗುದ್ದಿದೆ, ದೇವರನ್ನು ಕರೆದೆ. ದೇವರ ಬದಲು ಪಕ್ಕದ ಮನೆಯ ಪಾಟೀಲರು ಬಂದರು. ಧಾರವಾಡದವರು, ಕಂಪ್ಯೂಟರ್ ಕೆಲಸ, ಮನೆಯಿಂದಲೇ ದುಡಿಯುವವರು.

"ಏನ್ ಮಾಡಾಕತ್ತೀರಿ ಗಣಪತಿಯವರ?"

"ಮುಚ್ಚಳ ಹಾಕ್ತಾ ಇದ್ದೇನೆ."

"ಹಿಂದಿನ ಅಂಚು ಮುಂದ ಮಾಡಿ ಹಾಕಾಕತ್ತೀರಲ್ರೀ!"

ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಹಿಂದು ಮುಂದು ಇಲ್ಲ. ಅದು ನನ್ನ ತಪ್ಪೇ? ಮೂವರೂ ತಿರುಗಿಸಿ ಇಟ್ಟೆವು. ಟಕ್ಕೆಂದು ಕೂತಿತು. ಹಿಡಿಕೆ ಬಿಗಿದೆ. ಜಲಜ ಹೇರ್ ಡ್ರೈಯರ್ ತಂದು ಸೀಟಿಗೆ ಸಂಜೆಯವರೆಗೂ ಗಾಳಿ ಹಾಕಿದಳು.

ಡ್ಯೂಟಿ ಮುಗಿಸಿ ಬಂದ ಅಕ್ಕ ಮನೆಯೊಳಗೆ ಬರುವ ಮೊದಲು ಕಾರಿನ ಹತ್ತಿರ ನಿಂತಳು. ಛಾವಣಿಯ ಮೇಲೆ ಅಂಗೈ ಸವರಿದಳು.

"ಎಂತ ಗಣಪ, ಇಷ್ಟು ಹೊಳೀತಾ ಉಂಟು?"

"ತೊಳೆದೆ ಅಕ್ಕ."

"ನೀನು ಒಬ್ಬ ಇದ್ದೀ ಅಂತ ನನಗೆ ಧೈರ್ಯ ನೋಡು," ಎಂದಳು. ಆ ಸಂಜೆ ಅನ್ನ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಎರಡನೇ ಬಾರಿ ಬಡಿಸಿಕೊಂಡದ್ದಂತೂ ಇಳಿಯಲೇ ಇಲ್ಲ.

ಬುಧವಾರ ಚಿನ್ನದಂಥ ಬಿಸಿಲು. ಅಕ್ಕ ತಲೆಗೆ ಹಳದಿ ಸ್ಕಾರ್ಫ್ ಕಟ್ಟಿ, ಕಪ್ಪು ಕನ್ನಡಕ ಹಾಕಿ ಬಂದಳು. ಅವಳು ಅಷ್ಟು ಚಂದ ಕಂಡದ್ದನ್ನು ನಾನು ನೋಡಿರಲಿಲ್ಲ. ಹಿಡಿಕೆ ತಿರುಗಿಸಿದಳು. ಎತ್ತಿದಳು. ಛಾವಣಿ ಅಲುಗಲಿಲ್ಲ.

ನಾನು ಎತ್ತಿದೆ. ಜಲಜ ಎತ್ತಿದಳು. ಪಾಟೀಲರು ಮೀಟಿಂಗ್ ನಡುವೆ ಎದ್ದು ಬಂದು ಎತ್ತಿದರು. "ಇದನ್ನ ವೆಲ್ಡಿಂಗ್ ಮಾಡ್ಯಾರೇನ್ರೀ?" ಎಂದರು. ನನಗೆ ಅರ್ಥವಾಯಿತು. ಸಬ್ಬಕ್ಕಿಯ ಗಂಜಿ ಒಂದು ರಾತ್ರಿ ಒತ್ತಡದಲ್ಲಿ ಒಣಗಿದರೆ ಸಿಮೆಂಟಿಗೂ ಕಡಿಮೆಯಲ್ಲ. ಪಾಟೀಲರು ನನ್ನ ಮುಖ ನೋಡಿದರು. ನಾನು ಬೇಲಿ ನೋಡಿದೆ. ಅವರು ದೊಡ್ಡವರು, ಸುಮ್ಮನೆ ಮೀಟಿಂಗಿಗೆ ಹೋದರು.

ಅಕ್ಕ ಸ್ಕಾರ್ಫ್ ಬಿಚ್ಚಿದಳು. "ಹಳೇ ಕಾರು. ನನಗೆ ಮೋಸ ಮಾಡಿ ಮಾರಿದ್ದಾರೆ. ಹೋಗಲಿ, ನಾನೂ ಮಾರಿಬಿಡ್ತೇನೆ. ಈ ವಯಸ್ಸಿಗೆ ನನಗ್ಯಾಕೆ ಆಕಾಶ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲಾಗಲಿಲ್ಲ.

"ಕಾರಿನದ್ದು ತಪ್ಪಿಲ್ಲ ಅಕ್ಕ. ಸಂಡಿಗೆಯದ್ದು. ಅಂದರೆ ನನ್ನದು." ಎಲ್ಲ ಹೇಳಿದೆ. ಹಲಗೆ, ಗಂಜಿ, ಮಳೆ, ಹೇರ್ ಡ್ರೈಯರ್, ಏನೂ ಬಿಡಲಿಲ್ಲ.

ಅಕ್ಕ ಕಪ್ಪು ಕನ್ನಡಕ ತೆಗೆದಳು. "ಅಂದ್ರೆ ಮೊದಲ ಸಲ ಆಕಾಶದ ಕೆಳಗೆ ಕೂತದ್ದು ನೀನು."

"ಹೂಂ."

"ಹೇಗಿತ್ತು?"

"ಗೊತ್ತಿಲ್ಲ ಅಕ್ಕ. ಕೂತ ಕೂಡಲೇ ನಿದ್ದೆ ಬಂತು."

ಅಕ್ಕ ನನ್ನನ್ನೇ ನೋಡಿದಳು. ಅವಳ ಭುಜ ಅಲುಗತೊಡಗಿತು. ಅಳುತ್ತಾಳೆ ಎಂದು ನಾನು ಹೆದರಿದೆ. ಅವಳು ನಗುತ್ತಿದ್ದಳು, ಕಾರಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

"ಹಾಗಾದ್ರೆ ಉದ್ಘಾಟನೆ ಇನ್ನೂ ಆಗಲಿಲ್ಲ!" ಎಂದಳು. "ಜಲಜಾ, ನೀರು ಬಿಸಿ ಮಾಡು. ಗಣಪ, ಬಟ್ಟೆ ತಾ."

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಸಂದಿಗೆ ಹಿಡಿದೆ. ಬೆರಳುಗಳೆಲ್ಲ ಬೆಂದವು. ಮಧ್ಯಾಹ್ನ ದಾಟಿದ ಮೇಲೆ ಹಲಗೆ ಬಿಟ್ಟುಕೊಂಡಿತು. ಅಕ್ಕನೇ ಎತ್ತಿದಳು, ಇನ್ನೊಂದು ಬದಿಗೆ ಜಲಜ. ಎತ್ತಿ ನನ್ನ ಕೈಗೆ ಕೊಟ್ಟರು. ಎರಡೇ ಸೀಟು. ಒಂದರಲ್ಲಿ ಅಕ್ಕ ಕೂತಳು, ಇನ್ನೊಂದರಲ್ಲಿ ನನ್ನ ಹೆಂಡತಿ.

"ನಿನಗೆ ನಿದ್ದೆ ಬರ್ತದೆ, ನೀನು ಇಲ್ಲೇ ಇರು," ಎಂದಳು ಅಕ್ಕ. "ಮತ್ತೆ ಅದನ್ನು ಎಲ್ಲಿಯೂ ಇಡಬೇಡ. ಕೈಯಲ್ಲೇ ಹಿಡ್ಕೊ."

ಕೆಂಪು ಕಾರು ತಿರುವಿನಲ್ಲಿ ಮರೆಯಾಯಿತು. ಹಳದಿ ಸ್ಕಾರ್ಫಿನ ತುದಿ ಮಾತ್ರ ಇನ್ನೊಂದು ಕ್ಷಣ ಗಾಳಿಯಲ್ಲಿ ಉಳಿಯಿತು. ಎಂಥ ಆಕಾಶ ಅಂತ ದಾರಿಯಲ್ಲಿ ಹೋಗುವವರೆಲ್ಲ ತಲೆಯೆತ್ತಿ ನೋಡಿ ಹೋಗುತ್ತಿದ್ದರು. ನನಗೆ ತೋಳು ನೋಯತೊಡಗಿತು. ಇಡುವಂತಿಲ್ಲ. ಕೊನೆಗೆ ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡೆ.

ಆ ಮಧ್ಯಾಹ್ನ ಇಡೀ ಹ್ಯಾರೋದಲ್ಲಿ ಆಕಾಶ ಕಾಣದೆ ನಿಂತವನು ನಾನೊಬ್ಬನೇ.