ಹೊಸ್ತಿಲು ದಾಟಿದರೂ ಕಪ್ಪಗೇ ಇರುವ ಕನ್ನಡಕದ ಗಾಜುಗಳಿಗೆ

ನನ್ನ ಮೂಗಿನ ಮೇಲೆ ಸುಖಾಸೀನರಾಗಿರುವ ಮಾನ್ಯರೇ,

ಎಡ ಬಲ ಎಂಬ ಭೇದವೆಣಿಸದೆ ತಮ್ಮಿಬ್ಬರಿಗೂ ಸಾದರ ಪ್ರಣಾಮಗಳು. ದಿನವೂ ಒರೆಸುವವನು ನಾನೇ ಆದ್ದರಿಂದ ತಮ್ಮ ಕ್ಷೇಮ ಬಲ್ಲೆ. ನೇರವಾಗಿ ದೂರಿಗೆ ಬರುತ್ತೇನೆ, ಮನ್ನಿಸಬೇಕು.

ತಮ್ಮನ್ನು ಆರಿಸಿದವನೂ ನಾನೇ. ಒಳಗೊಂದು, ಹೊರಗೊಂದು ಕನ್ನಡಕ ಇರಲಿ ಎಂದು ನನ್ನಾಕೆ ಬಡಕೊಂಡಳು. ಆದರೆ ಅಂಗಡಿಯವರು ತಮ್ಮನ್ನು ಬಿಸಿಲಿಗೆ ಹಿಡಿದು, ಹೊಗೆಬಣ್ಣಕ್ಕೆ ತಿರುಗಿಸಿ, "ಬಿಸಿಲಲ್ಲಿ ಕಪ್ಪಗೆ, ಮನೆಯೊಳಗೆ ಬೆಳ್ಳಗೆ, ನೀವು ಏನೂ ಮಾಡೋದೇ ಬೇಡ ಸಾರ್, ಎಲ್ಲಾ ಅವೇ ನೋಡ್ಕೊಳ್ತವೆ" ಎಂದಾಗ, ಹೇಳದೆ ಕೆಲಸ ಮಾಡುವವರು ಈ ಜನ್ಮದಲ್ಲಿ ಕೊನೆಗೂ ಸಿಕ್ಕರಲ್ಲ ಎಂದು ಉಬ್ಬಿಹೋದೆ.

ನಾನು ಕಾರು ಕಲಿಸುವ ಮೇಷ್ಟ್ರು ಎಂಬುದು ತಮಗೆ ಗೊತ್ತೇ ಇದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿರುವಾಗ, ಪಕ್ಕದಲ್ಲಿ ಕಲಿಯುವವರು ಬ್ರೇಕೆಂದು ಆಕ್ಸಿಲರೇಟರ್ ತುಳಿಯುತ್ತಿರುವಾಗ, ತಾವು ಮಾತ್ರ ಕಾರಿನ ಮುಂಗಾಜಿನ ಹಿಂದಿರುವುದನ್ನೇ ಮನೆಯೊಳಗಿರುವುದೆಂದು ತೀರ್ಮಾನಿಸಿ, ತಿಳಿನೀರಿನಂತೆ ನಿಶ್ಚಿಂತರಾಗಿರುತ್ತೀರಿ. ಅಬ್ಬಾ, ಅಂಥ ಸಮಾಧಾನ ಋಷಿಗಳಿಗೂ ಇರಲಿಕ್ಕಿಲ್ಲ! ಅದನ್ನೂ ಸಹಿಸಿಕೊಂಡೆ.

ಸಹಿಸಲಾಗದ್ದು ಬೇರೆ ಇದೆ. ಮಗಳು ತನ್ನ ಕೂಸನ್ನು ಕರೆದುಕೊಂಡು ಬಂದಿದ್ದಾಳೆ. ಬೆಳಗ್ಗೆ ಮೊಮ್ಮಗಳು ಏಳುವ ಮೊದಲೇ ನನ್ನ ಪಾಠ, ಸಂಜೆಯ ಪಾಠ ಮುಗಿಸಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ. ಮಧ್ಯಾಹ್ನ ಊಟಕ್ಕೆ ಬರುವ ಗಳಿಗೆಯೊಂದೇ ನನ್ನ ಪಾಲು. ಕಾರು ನಿಲ್ಲಿಸಿ ಒಂದು ಬೀದಿ ನಡೆಯುವುದರಲ್ಲಿ ತಾವು ಕಾಡಿಗೆಯಾಗುತ್ತೀರಿ. ಬಾಗಿಲ ಸದ್ದಿಗೆ ತಟ್ಟಾಡುತ್ತಾ ಓಡಿಬಂದ ಪುಟ್ಟಿ ತಲೆಯೆತ್ತಿ ನೋಡಿ, "ಗುಮ್ಮ!" ಎಂದು ಕಿರುಚಿ ಅಜ್ಜಿಯ ಕಾಲು ತಬ್ಬುತ್ತಾಳೆ. ತಾವು ಸಾವಕಾಶವಾಗಿ ಬೆಳ್ಳಗಾಗುವ ಹೊತ್ತಿಗೆ ಅವಳು ಅತ್ತೂ ಅತ್ತೂ ಮಲಗಿರುತ್ತಾಳೆ.

ತಮ್ಮನ್ನು ತೆಗೆದಿಟ್ಟೂ ನೋಡಿದೆ. ಕೂಸು ನಗುತ್ತಾ ತೋಳಿಗೆ ಬಂತು. ಆದರೆ ಹತ್ತಿರದ್ದೇನೂ ಕಾಣದ ಈ ಕಣ್ಣಿಗೆ ಸಿಕ್ಕಿದ್ದು ಗುಂಡಗಿನ ಒಂದು ಮಸುಕು. ನಕ್ಕರೆ ಎರಡು ಹಲ್ಲು ಕಾಣುತ್ತವಂತೆ. ಮನೆಯವರೆಲ್ಲ ನೋಡಿದ್ದಾರೆ, ನಾನೊಬ್ಬ ನೋಡಿಲ್ಲ. ಭಾನುವಾರ ಅವರು ಹೊರಡುತ್ತಾರೆ. ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ಆದ್ದರಿಂದ ತಾವು ದಯಮಾಡಿ ನಮ್ಮ ಬೀದಿಯ ಔಷಧಿ ಅಂಗಡಿ ಕಂಡೊಡನೆ ಬೆಳ್ಳಗಾಗಲು ಆರಂಭಿಸಬೇಕು. ಅದು ಘನತೆಗೆ ಕುಂದೆನಿಸಿದರೆ ಬಲಗಾಜಿನವರು ರಸ್ತೆಯನ್ನೂ ಎಡಗಾಜಿನವರು ಮನೆಯನ್ನೂ ಹಂಚಿಕೊಳ್ಳಬಹುದು. ಒಂದು ಕಣ್ಣಿನ ಗುಮ್ಮನಿಗೆ ಕೂಸು ಅರ್ಧವೇ ಅತ್ತೀತು.

ತಮ್ಮ ವಿಶ್ವಾಸಿ,
ಗುಮ್ಮ

ವಿ.ಸೂ.: ತಮ್ಮ ಉತ್ತರಕ್ಕೆ ಕಾಯದೆ ನನ್ನಾಕೆ ಬಣ್ಣವಿಲ್ಲದ ಸಾದಾ ಕನ್ನಡಕವೊಂದನ್ನು ಮಾಡಿಸಿ, ಹೊರಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾಳೆ. ಇಂದು ಹೊಸ್ತಿಲಲ್ಲೇ ಬದಲಾಯಿಸಿಕೊಂಡು ನೋಡಿದೆ: ಹಲ್ಲು ಎರಡಲ್ಲ, ಮೂರು. ತಮ್ಮನ್ನು ಮೊಮ್ಮಗಳ ಕೈಗೆ ಒಪ್ಪಿಸಿದ್ದೇನೆ. ಆ ಮೂರೂ ಹಲ್ಲುಗಳಿಂದ ಅವಳು ತಮ್ಮ ವಿಚಾರಣೆ ನಡೆಸುತ್ತಿದ್ದಾಳೆ.