ಅಂತರ್ಜಾಲ ಸಮ್ಮೇಳನಕ್ಕೆ ಮಗಳನ್ನು ಕರೆದುಕೊಂಡು ಹೋದದ್ದು

ಮಕ್ಕಳು ತಾಯಿಯ ತಲೆ ತಿನ್ನುತ್ತಾರೆ ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಮನೆಯಲ್ಲಿ ಅದು ಉಲ್ಟಾ. ಸುಮಾರು ಮೂರು ವರ್ಷ ನಾನೇ ನನ್ನ ಮಗಳನ್ನು ತಿಂದೆ. ಒಂದೇ ಸಲಕ್ಕಲ್ಲ, ವಾರಕ್ಕೊಂದು ತುತ್ತು, ಪ್ರತಿ ಗುರುವಾರ. ಸಾಲದ್ದಕ್ಕೆ ಊರವರಿಗೂ ಬಡಿಸಿದೆ. ಅವರು ಬಾಯಿ ಚಪ್ಪರಿಸಿ, "ಬಹಳ ಚೆನ್ನಾಗಿದೆ ಮೇಡಂ, ಇನ್ನೂ ಬರಲಿ" ಎಂದರು. ಇದನ್ನು ನಾನು ಸಾಹಿತ್ಯ ಸೇವೆ ಎಂದು ತಿಳಿದಿದ್ದೆ. ತಿಳಿವಳಿಕೆ ಕಡಿಮೆ ಇದ್ದವರು ಸೇವೆಗೆ ಇಳಿದರೆ ಮನೆಯವರು ಮೊದಲು ನೆಲ ಕಚ್ಚುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾವು ಶಿವಮೊಗ್ಗದ ಗೋಪಾಳದಲ್ಲಿದ್ದೆವು. ನನ್ನ ಗಂಡ ಆಫೀಸು, ನಾನು ಮನೆ, ಒಬ್ಬಳೇ ಮಗಳು ಮಾನಸ ಶಾಲೆ. ಆಗಷ್ಟೇ ಕನ್ನಡದಲ್ಲಿ ಅಂತರ್ಜಾಲ ಪತ್ರಿಕೆಗಳು ಶುರುವಾಗಿದ್ದವು. ಅಂಥ ಒಂದಕ್ಕೆ ನಾನು ಸುಮ್ಮನೆ ಒಂದು ಲೇಖನ ಕಳಿಸಿದೆ: ಮಗಳು ಪಾಯಸದಲ್ಲಿನ ಗೋಡಂಬಿಯನ್ನೆಲ್ಲ ಆರಿಸಿ ತಿಂದು, ಇಲಿ ತಿಂತು ಅಂತ ಹೇಳಿದ್ದರ ಬಗ್ಗೆ. ಸಂಪಾದಕರು ಬೆಂಗಳೂರಿನಿಂದ ಫೋನ್ ಮಾಡಿ, "ಇದನ್ನ ಅಂಕಣ ಮಾಡೋಣ ಮೇಡಂ, ಪರದೇಶದಲ್ಲಿರೋ ಕನ್ನಡದವರಿಗೆ ಇಂಥದ್ದೇ ಬೇಕು" ಎಂದರು. 'ನಮ್ಮನೆ ಪುಟ್ಟಿ' ಹುಟ್ಟಿದ್ದು ಹಾಗೆ. ಮಾನಸಳನ್ನು ಮನೆಯಲ್ಲಿ ಯಾರೂ ಪುಟ್ಟಿ ಎಂದು ಕರೆದದ್ದೇ ಇಲ್ಲ. ಆದರೂ ಅವಳು ಬಿದ್ದರೆ ಪುಟ್ಟಿ ಬಿದ್ದಳು, ಅವಳಿಗೆ ಹೇನಾದರೆ ಪುಟ್ಟಿಗೆ ಹೇನಾಯಿತು. ಪುಟ್ಟಿಯ ಹೇನು ಕ್ಯಾನಡಾ ತಲುಪಲು ಅರ್ಧ ದಿನ ಸಾಕಾಗುತ್ತಿತ್ತು.

ಮಗಳು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಬಾಯಿ ಬಿಟ್ಟರೆ ಮೊದಲು, "ಅಮ್ಮಾ, ಇದನ್ನ ಬರೀಬೇಡ, ಆಯ್ತಾ?" ಎನ್ನುತ್ತಿದ್ದಳು. ಬುದ್ಧಿ ಇದ್ದ ತಾಯಿಗೆ ಅಷ್ಟು ಸಾಕಿತ್ತು. ನನಗೆ ಅದು ಎಷ್ಟು ಮುದ್ದಾಗಿ ಕಂಡಿತೆಂದರೆ, ಪುಟ್ಟಿ ಹೀಗೆ ಹೇಳುತ್ತಾಳೆ ಎಂದು ಆ ವಾರ ಅದನ್ನೇ ಬರೆದೆ.

ಹೀಗಿರುವಾಗ ಒಂದು ಸಂಜೆ ತಲೆ ಬಾಚಿಸಿಕೊಳ್ಳುತ್ತ ಅವಳು ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದಳು. ಅವಳ ಜೀವದ ಗೆಳತಿ ಸುಷ್ಮಾ ಎಂದು, ಪಕ್ಕದ ಕ್ರಾಸಿನ ಹುಡುಗಿ. ಇಬ್ಬರೂ ಒಂದೇ ಸಿಟಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಶಾಲೆಗೆ ಹೋಗುತ್ತಿದ್ದವರು. ಕ್ಲಾಸಿಗೆ ಸುಷ್ಮಾ ಯಾವಾಗಲೂ ಫಸ್ಟು, ಇವಳು ಸೆಕೆಂಡು.

"ಅಮ್ಮಾ, ಪರೀಕ್ಷೆ ದಿನ ಸುಷ್ಮಂಗೆ ಜ್ವರ ಬರ್ಲಿ ಅಂತ ನಾನು ಗಣಪತಿ ಹತ್ರ ಬೇಡ್ಕೊಂಡಿದ್ದೆ. ಅವಳಿಗೆ ನಿಜವಾಗ್ಲೂ ಸೀತಾಳೆ ಸಿಡುಬು ಆಯ್ತು. ಮುಖದ ತುಂಬ ಗುಳ್ಳೆ ಅಮ್ಮಾ. ಎಲ್ಲಾ ನನ್ನಿಂದಾನೇ."

ನಾನು ಅವಳ ಕಣ್ಣೊರೆಸಿದೆ. ದೇವರು ಅಂಥ ಅರ್ಜಿಗೆಲ್ಲ ಸಹಿ ಹಾಕಲ್ಲ ಕಣೇ ಎಂದು ಸಮಾಧಾನ ಮಾಡಿದೆ. ಅವಳು ಮುಖ ತೊಳೆಯಲು ಬಚ್ಚಲಿಗೆ ಹೋದಳು. ನಾನು ಕಂಪ್ಯೂಟರ್ ಆನ್ ಮಾಡಿದೆ.

ಜವಾಬ್ದಾರಿಯಿಂದಲೇ ಬರೆದೆ ಎನ್ನಿ. ಸುಷ್ಮಾ ಎಂಬ ಹೆಸರು ಬದಲಿಸಿ ಸುಮಾ ಎಂದೆ. ಮನೆ ಗಣಪತಿ ಗುಡಿಯ ಮೂಲೆಯಲ್ಲಿ, ಅಪ್ಪನದು ಔಷಧಿ ಅಂಗಡಿ, ಹುಡುಗಿಗೆ ಎರಡು ಜಡೆ, ಪರೀಕ್ಷೆಯ ಹಿಂದಿನ ದಿನ ಸೀತಾಳೆ ಎದ್ದಿತು, ಇವನ್ನು ಮಾತ್ರ ಹಾಗೇ ಬಿಟ್ಟೆ. ನೈಜ ವಿವರಗಳೇ ಬರವಣಿಗೆಯ ಜೀವಾಳ ಎಂದು ಎಲ್ಲೋ ಕೇಳಿದ್ದೆ. ಲೇಖನಕ್ಕೆ ಹಿಂದೆಂದೂ ಬರದಷ್ಟು ಮೆಚ್ಚುಗೆ ಬಂತು. ಸಂಪಾದಕರು ಫೋನಿನಲ್ಲೇ ಐದು ನಿಮಿಷ ನಕ್ಕರು.

ಆಮೇಲೆ ಸುಷ್ಮಾ ನಮ್ಮ ಮನೆಗೆ ಬರುವುದು ನಿಂತಿತು. ನಾನು ಒಂದು ದಿನ ಸೊಪ್ಪು ಬಿಡಿಸುತ್ತ, "ಎಲ್ಲೇ ನಿನ್ನ ಸುಷ್ಮಾ? ಕಾಣ್ಸೋದೇ ಇಲ್ಲ" ಎಂದೆ. "ಟೂ ಬಿಟ್ಟಿದ್ದಾಳೆ" ಎಂದಷ್ಟೇ ಹೇಳಿ ಎದ್ದು ಹೋದಳು. ಯಾಕೆ ಎಂದು ನಾನು ಕೇಳಲಿಲ್ಲ. ಹೆಣ್ಣುಮಕ್ಕಳು ಟೂ ಬಿಡುವುದರ ಸೊಗಸಿನ ಬಗ್ಗೆ ಒಂದು ಅಂಕಣ ಬರೆದೆ.

ಇಷ್ಟರಲ್ಲಿ ಪತ್ರಿಕೆಯವರಿಗೆ ಸಮ್ಮೇಳನದ ಹುಚ್ಚು ಹತ್ತಿತು. ಪೆಂಡಾಲಿಲ್ಲ, ಹಾರವಿಲ್ಲ, ಊಟದ ಕ್ಯೂ ಇಲ್ಲ; ಎಲ್ಲರೂ ಅವರವರ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಮೈಕಿನಲ್ಲಿ ಮಾತಾಡುವುದು, ಉಳಿದವರು ಕೇಳುವುದು, ಕೇಳುತ್ತ ತಮ್ಮ ಅಭಿಪ್ರಾಯ ಟೈಪ್ ಮಾಡುವುದು. ನನಗೆ ಕೊಟ್ಟ ವಿಷಯ 'ತಾಯ್ತನ ಮತ್ತು ಬರವಣಿಗೆ'. ಎರಡನ್ನೂ ಹೇಗೆ ಸಮತೂಕದಲ್ಲಿ ನಿಭಾಯಿಸುತ್ತೀರಿ ಎಂಬುದನ್ನು ಹತ್ತು ನಿಮಿಷ ಹೇಳಬೇಕಿತ್ತು. ಒಂದು ವಾರ ತಯಾರಿ ನಡೆಸಿದೆ. ಆ ವಾರ ಮೂರು ಸಲ ಉಪ್ಪಿಟ್ಟು ಸೀದಿತು, ಲೆಕ್ಕ ಹೇಳಿಕೊಡು ಎಂದು ಬಂದ ಮಗಳಿಗೆ, "ತಾಯ್ತನದ ಬಗ್ಗೆ ಬರೀತಾ ಇರೋದು ಕಾಣ್ಸಲ್ವೇನೇ?" ಎಂದು ರೇಗಿದೆ.

ತೊಂದರೆ ಏನೆಂದರೆ ನಮ್ಮ ಮನೆಯ ಇಂಟರ್‌ನೆಟ್ ಟೆಲಿಫೋನ್ ತಂತಿಯನ್ನು ನಂಬಿಕೊಂಡಿತ್ತು. ಯಾರಾದರೂ ಫೋನ್ ಎತ್ತಿದರೆ ಅದು ಪ್ರಾಣ ಬಿಡುತ್ತಿತ್ತು. ಭದ್ರಾವತಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಹೊಸದಾಗಿ ಬ್ರಾಡ್‌ಬ್ಯಾಂಡ್ ಬಂದಿತ್ತು. ಕಾರ್ಖಾನೆಯ ಕೆಲಸದಲ್ಲಿದ್ದ ಭಾವ ಆ ಮೋಡೆಮ್ಮನ್ನು ದೇವರ ಗೂಡಿನ ಪಕ್ಕದಲ್ಲೇ ಇಟ್ಟಿದ್ದರು. ಬಂದವರಿಗೆ ಕಾಫಿಗೆ ಮೊದಲು ಅದರ ದರ್ಶನ. "ನಾಲ್ಕೂ ಲೈಟ್ ಹಸಿರು ನೋಡಮ್ಮ. ಇದು ಕಟ್ ಆಗೋ ಮಾತೇ ಇಲ್ಲ" ಎಂದರು. ಸರಿ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದೆವು. ಮಾನಸ ಬರಲ್ಲ ಎಂದಳು. ನಾನು ಬಿಡಲಿಲ್ಲ. ತಾಯ್ತನದ ಸಮ್ಮೇಳನಕ್ಕೆ ಮಗುವನ್ನು ಮನೆಯಲ್ಲಿ ಬಿಟ್ಟು ಹೋದರೆ ಜನ ಏನಂದಾರು?

ಐದು ಗಂಟೆಗೆ ಶುರು. ನಾನು ಹೊಸ ಸೀರೆ ಉಟ್ಟು ಕೂತಿದ್ದೆ. "ಏ ಮಾರಾಯ್ತಿ, ಬರೀ ದನಿ ಹೋಗೋದಕ್ಕೆ ಯಾಕೇ ಇಷ್ಟು ಜರಿ?" ಎಂದು ಅಕ್ಕ ಕೇಳಿದಳು. ತನ್ನ ತಂಗಿ ಫಾರಿನ್ನಿನವರ ಜೊತೆ ಮಾತಾಡುತ್ತಾಳೆ ಎಂದು ಅವಳೇ ಸುದ್ದಿ ಹಬ್ಬಿಸಿದ್ದರಿಂದ ಪಕ್ಕದ ಕ್ವಾರ್ಟರ್ಸಿನ ಸೆಲ್ವಿ ಅಕ್ಕ ಕೂಡ ಸೋಫಾದ ತುದಿಯಲ್ಲಿ ಬಂದು ಕೂತರು. ಮಾನಸ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪುಸ್ತಕ ಹಿಡಿದಿದ್ದಳು. ಎಲ್ಲರಿಗೂ ಕೇಳಲಿ ಎಂದು ಭಾವ ಸ್ಪೀಕರ್ ಹಾಕಿದರು.

ಮೊದಲ ಇಪ್ಪತ್ತು ನಿಮಿಷ ಸಮ್ಮೇಳನದಲ್ಲಿ "ಹಲೋ, ಕೇಳಿಸ್ತಿದೆಯಾ?" ಎಂಬ ಒಂದೇ ವಿಷಯದ ಮೇಲೆ ಗಂಭೀರ ಚರ್ಚೆ ನಡೆಯಿತು. ಆಮೇಲೆ ನನ್ನ ಸರದಿ. ಲಂಡನ್ನಿನಲ್ಲಿದ್ದ ನಿರೂಪಕಿ ನನ್ನನ್ನು 'ಗಿರಿಜಮ್ಮನವರು, ಪುಟ್ಟಿಯ ತಾಯಿ' ಎಂದು ಪರಿಚಯಿಸಿದರು. ನಾನು ಓದಿದೆ. ಮಗುವಿನ ಮನಸ್ಸನ್ನು ಹೂವಿನಂತೆ ಹಿಡಿಯಬೇಕು ಎಂದೆ. ಅದರ ಗುಟ್ಟುಗಳಿಗೆ ನಾವು ಕಾವಲುಗಾರರು ಎಂದೆ. ಈ ವಾಕ್ಯಕ್ಕೆ ಸೆಲ್ವಿ ಅಕ್ಕ ತಲೆದೂಗಿದರು. ಪರದೆಯ ಮೇಲೆ ಚಪ್ಪಾಳೆಗಳು ಉದುರಿದವು.

"ಪುಟ್ಟಿ ಅಲ್ಲೇ ಇದ್ದಾಳಾ ಮೇಡಂ?" ನಿರೂಪಕಿ ಕೇಳಿದರು. "ಪ್ಲೀಸ್, ಒಂದೇ ಒಂದು ಮಾತು ಆಡಿಸಿ. ನಾವೆಲ್ಲ ಅವಳ ಫ್ಯಾನ್‌ಗಳು."

ನನಗೆ ಹಿಗ್ಗು. ಮಾನಸಳನ್ನು ಕರೆದೆ. ಅವಳು ಅಲ್ಲಾಡಲಿಲ್ಲ. "ಹೋಗೇ, ನಮಸ್ಕಾರ ಅಂತ ಹೇಳು ಸಾಕು" ಎಂದು ಅಕ್ಕ ತಳ್ಳಿದಳು. ಅವಳು ಪುಸ್ತಕ ಮಡಿಸಿಟ್ಟು ಬಂದು, ನಿಂತುಕೊಂಡೇ ಮೈಕಿಗೆ ಬಗ್ಗಿದಳು. ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುವವಳಾದ್ದರಿಂದ ದನಿ ಸ್ಪಷ್ಟವಾಗಿತ್ತು.

"ನಮಸ್ಕಾರ. ನನ್ನ ಹೆಸರು ಪುಟ್ಟಿ ಅಲ್ಲ, ಮಾನಸ. ನಾನು ಗಣಪತಿ ಹತ್ರ ಬೇಡ್ಕೊಂಡಿದ್ದನ್ನ ಅಮ್ಮ ಬರೆದಿದ್ಲಲ್ಲ, ಅದನ್ನ ನೀವೆಲ್ಲ ಚೆನ್ನಾಗಿದೆ ಅಂದಿದ್ರಿ. ಹಾಗೆ ಅಂದೋರಲ್ಲಿ ಒಬ್ರು ಸುಷ್ಮನ ಮಾವ. ದುಬೈಯಲ್ಲಿದ್ದಾರೆ. ಅವ್ರು ಅದನ್ನ ಅವಳ ಮನೆಗೆ ಕಳ್ಸಿದ್ರು. ಸುಷ್ಮಾ ಅದರ ಪ್ರಿಂಟ್ ತಂದು ನನ್ನ ಡೆಸ್ಕ್ ಮೇಲೆ ಇಟ್ಟು, 'ನಿಜಾನಾ?' ಅಂತ ಕೇಳಿದ್ಲು. ನಾನು ಹೂಂ ಅಂದೆ. ಅವತ್ತಿಂದ ಅವಳು ಬೇರೆ ಬೆಂಚಲ್ಲಿ ಕೂರ್ತಾಳೆ. ಇದನ್ನ ನಾನು ಅಮ್ಮಂಗೆ ಹೇಳಿಲ್ಲ. ಹೇಳಿದ್ರೆ ಅದನ್ನೂ ಬರೀತಾಳೆ. ಅಷ್ಟೇ. ನಮಸ್ಕಾರ."

ಸ್ಪೀಕರಿನಲ್ಲಿ ಕೊರಕೊರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. "ಹಲೋ... ಭದ್ರಾವತಿ ಲೈನ್ ಕಟ್ ಆಯ್ತು ಅನ್ಸುತ್ತೆ" ಎಂದರು ನಿರೂಪಕಿ.

ಭಾವ ಮೋಡೆಮ್ಮಿನ ಕಡೆ ಬಗ್ಗಿ ನೋಡಿ, "ಕಟ್ ಆಗಿಲ್ಲ ಕಣ್ರೀ, ನಾಲ್ಕೂ ಹಸಿರಿದೆ" ಎಂದು ಮೈಕಿಗೇ ಹೇಳಿಬಿಟ್ಟರು. ಅಂದರೆ ಹೋಗಬೇಕಾದವರಿಗೆಲ್ಲ ಪೂರ್ತಿ ಹೋಗಿ ತಲುಪಿದೆ ಎಂದಾಯಿತು.

ಆಮೇಲೆ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು. 'ಎಷ್ಟು ಚೂಟಿ!' 'ನೂಲಿನಂತೆ ಸೀರೆ, ತಾಯಿಯಂತೆ ಮಗಳು.' 'ಎಂಥ ಟೈಮಿಂಗ್!' ಒಬ್ಬರು, 'ಇದು ಮುಂದಿನ ಗುರುವಾರ ಬರಲೇಬೇಕು ಮೇಡಂ' ಎಂದು ಬರೆದು ಪಕ್ಕದಲ್ಲಿ ನಗುಮುಖ ಹಾಕಿದ್ದರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಮಗುವಿನ ಕಣ್ಣೀರನ್ನು ನೋಡಿದ ಕೂಡಲೇ ನಗಬೇಕು ಎಂದು ಮೂರು ವರ್ಷ ವಾರ ತಪ್ಪದೆ ಪಾಠ ಮಾಡಿದವಳು ನಾನೇ; ಶಿಷ್ಯರು ಚೆನ್ನಾಗಿ ಕಲಿತಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. "ಮಲವಗೊಪ್ಪ, ಯಾರ್ರೀ ಮಲವಗೊಪ್ಪ" ಎಂದು ಕಂಡಕ್ಟರ್ ಕೂಗಿ ಜನ ಇಳಿಯುವವರೆಗೂ ನಾನು ತಪ್ಪಾಯ್ತು ಎನ್ನುವುದನ್ನು ಹೇಗೆ ಶುರು ಮಾಡಲಿ ಎಂದು ಯೋಚಿಸಿದೆ. ಅಷ್ಟು ಹೊತ್ತಿನಲ್ಲಿ ತಲೆಯೊಳಗೆ ತಾನಾಗಿ ಒಂದು ವಾಕ್ಯ ತಯಾರಾಗಿತ್ತು: 'ಗಾಜಿಗೆ ಹಣೆಯೊತ್ತಿ ಕೂತ ಪುಟ್ಟಿಯ ಉಸಿರಿಗೆ ಕಿಟಕಿ ಮಸುಕಾಗುತ್ತಿತ್ತು...' ನನಗೆ ನನ್ನ ಮೇಲೇ ಹೇಸಿಗೆಯಾಯಿತು. ವಾಕ್ಯ ಮಾತ್ರ ಚೆನ್ನಾಗಿತ್ತು.

ಮರುದಿನ ಸುಷ್ಮಳ ಮನೆಗೆ ಹೋದೆ. ಅವಳ ತಾಯಿ ಕೂರಿಸಿ, ಕಾಫಿ ಕೊಟ್ಟು, ಮುಖದಲ್ಲಿ ಏನನ್ನೂ ತೋರಿಸದೆ ಎದುರು ಕೂತರು. ಸುಷ್ಮಾ ಒಳಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಕ್ಷಮೆ ಕೇಳಿದೆ.

"ಅಯ್ಯೋ, ಅದಕ್ಕೇನು ಬಿಡ್ರೀ ಗಿರಿಜಕ್ಕ. ನಮ್ಮಣ್ಣ ತಮಾಷೆಗೆ ಕಳಿಸಿದ್ದ, ನಾವೂ ಓದಿ ನಕ್ವಿ. ಮಕ್ಕಳು ಬೇಡ್ಕೊಳ್ಳೋದೇ ಹಾಗೆ" ಎಂದರು. ಆಮೇಲೆ ಲೋಟ ತೆಗೆದುಕೊಳ್ಳುತ್ತ ಕೇಳಿದರು: "ಒಂದೇ ಮಾತು. ಇವಳಿಗೆ ಸೀತಾಳೆ ಆಗಿ ಹದಿನೈದು ದಿನ ಮಲಗಿದ್ಲಲ್ಲ, ಅಷ್ಟು ದಿನವೂ ಮಾನಸ ಶಾಲೆ ಬಿಟ್ಟ ತಕ್ಷಣ ಬಂದು ಕಿಟಕಿ ಹೊರಗೆ ನಿಂತು ನೋಟ್ಸ್ ಓದಿ ಹೇಳ್ತಿದ್ಲು. ನಿಮಗೆ ಗೊತ್ತಿತ್ತಲ್ಲ. ಅದನ್ನ ಯಾಕೆ ಬರೀಲಿಲ್ಲ ನೀವು?"

ಗೊತ್ತಿತ್ತು. ಮೊದಲು ಬರೆದೂ ಇದ್ದೆ. ಕೊನೆಯಲ್ಲಿ ಓದಿ ನೋಡಿದಾಗ ಆ ಭಾಗ ನಗುವನ್ನು ಕೆಡಿಸುತ್ತದೆ ಎನಿಸಿ ಅಳಿಸಿದ್ದೆ. ಇದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. "ಮರೆತುಹೋಯ್ತು" ಎಂದೆ. ಅವರು, "ಓಹೋ" ಎಂದರು. ಇಷ್ಟು ವರ್ಷದ ಬರವಣಿಗೆಗೆ ನನಗೆ ಬಂದ ವಿಮರ್ಶೆಗಳಲ್ಲಿ ಅದೇ ಅತ್ಯಂತ ಚಿಕ್ಕದು, ಅದೇ ಅತ್ಯಂತ ಸರಿಯಾದದ್ದು.

ಅಂಕಣ ನಿಲ್ಲಿಸಿದೆ. ಗಣಪತಿಯ ಲೇಖನವನ್ನು ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದಾಗ, "ಜನ ಹುಡುಕಿಕೊಂಡು ಬಂದು ಓದೋದೇ ಅದನ್ನ ಮೇಡಂ" ಎಂದು ನೊಂದುಕೊಂಡು, ಎರಡು ತಿಂಗಳು ಸತಾಯಿಸಿ ತೆಗೆದರು. ಮಾನಸ, ಸುಷ್ಮಾ ಈಗ ಪಿಯುಸಿ, ಬೇರೆ ಬೇರೆ ಕಾಲೇಜು. ಬಸ್ ಸ್ಟಾಪಿನಲ್ಲಿ ಸಿಕ್ಕರೆ ಮಾತಾಡುತ್ತಾರೆ. ಮದುವೆಮನೆಯಲ್ಲಿ ದೂರದ ನೆಂಟರು ಮಾತಾಡಿಸುತ್ತಾರಲ್ಲ, ಅಷ್ಟು ಚೆನ್ನಾಗಿ, ಅಷ್ಟು ಮರ್ಯಾದೆಯಿಂದ.

ಈಗ ಇದನ್ನು ಬರೆದದ್ದು ಹೇಗೆ ಎಂದು ನೀವು ಕೇಳಬಹುದು. ಈ ಸಲ ಮಗಳ ಅಪ್ಪಣೆ ಕೇಳಿದೆ. "ಬರಿ. ಕಳಿಸೋಕೆ ಮುಂಚೆ ನಂಗೆ ಕೊಡು" ಎಂದಳು. ಕೊಟ್ಟೆ. ಕೆಂಪು ಪೆನ್ನು ಹಿಡಿದು ಓದಿದಳು. ಎರಡು ಕಡೆ ಒತ್ತಕ್ಷರ ತಿದ್ದಿದಳು. ಒಂದು ಕಡೆ ನಾಲ್ಕು ಸಾಲಿನ ಮೇಲೆ ಗೆರೆ ಎಳೆದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಹೊಡೆದುಹಾಕಿದ್ದನ್ನು ನಾನು ಮರುಮಾತಿಲ್ಲದೆ ತೆಗೆದೆ. ನೀವು ಓದಿದ್ದು ಉಳಿದದ್ದನ್ನು. ಮಗಳು ಕೊನೆಗೂ ನನ್ನನ್ನು ನಂಬಿ ಕಾಗದ ವಾಪಸು ಕೊಟ್ಟಳಲ್ಲ ಎಂದು ಯಾವ ತಾಯಿಯಾದರೂ ಹಗುರಾಗಬೇಕಿತ್ತು. ನಾನು ಮಾತ್ರ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಆ ನಾಲ್ಕು ಸಾಲು ಅಷ್ಟು ಚೆನ್ನಾಗಿ ಬಂದಿದ್ದವು.