ಜನಸಂಖ್ಯೆ ಇಲ್ಲದ ಜನಸಂಖ್ಯಾ ಪಾಠ

ಜನಸಂಖ್ಯಾ ಭೂಗೋಳ ಹೇಳಿಕೊಡುವವನ ಕಷ್ಟ ಏನೆಂದರೆ, ಪಾಠ ಕ್ಲಾಸಿನೊಳಗೇ ಮುಗಿಯುವುದಿಲ್ಲ. ಪುಸ್ತಕದ ಜನ ಅಚ್ಚುಕಟ್ಟಾಗಿ ಕೋಷ್ಟಕದಲ್ಲಿ ಕೂತಿರುತ್ತಾರೆ. ಹೊರಗಿನ ಜನ ಎದುರು ಮಾತಾಡುತ್ತಾರೆ. ಬೆಳಿಗ್ಗೆ ನಾನು ಹೇಳಿದ್ದನ್ನು ಸಂಜೆಯೊಳಗೆ ಯಾರಾದರೊಬ್ಬರು ತಲೆಕೆಳಗು ಮಾಡದ ದಿನ ಕಡಿಮೆ. ಈ ವರ್ಷ ಕಾಲೇಜು ಶುರುವಾದ ವಾರವಂತೂ ಅದು ಅತಿಯಾಯಿತು.

ಜನಸಂಖ್ಯೆಯ ಇಳಿಕೆ

ಸೋಮವಾರ ಪ್ರಿನ್ಸಿಪಾಲರು ಕರೆಸಿದರು. "ಏನ್ರೀ, ನಿಮ್ಮ ಜನಸಂಖ್ಯೆ ಪೇಪರಿಗೆ ಜನಸಂಖ್ಯೆನೇ ಇಲ್ವಲ್ರೀ!"

ನನ್ನದು ವಿದ್ಯಾರ್ಥಿಗಳು ತಾವೇ ಆರಿಸಿಕೊಳ್ಳಬೇಕಾದ ವಿಷಯ. ಆರಿಸಿಕೊಂಡವರು ಎಂಟು ಜನ. ಶನಿವಾರದೊಳಗೆ ಹದಿನೈದು ಆಗದಿದ್ದರೆ ಪೇಪರ್ ಬಂದ್, ನನ್ನನ್ನು ಇದೇ ಸಂಸ್ಥೆಯ ಇನ್ನೊಂದು ಊರಿನ ಕಾಲೇಜಿಗೆ ಸಾಗಹಾಕುತ್ತಾರಂತೆ. ಮೈಸೂರು ಬಿಡುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

"ಮಿಕ್ಕವರೆಲ್ಲ ಎಲ್ಲಿಗೆ ಹೋದ್ರು ಸಾರ್?"

"ಯೋಗಕ್ಕೆ. ಅಲ್ಲಿ ಶವಾಸನಕ್ಕೂ ಮಾರ್ಕ್ಸ್ ಇದೆಯಂತೆ."

"ನನ್ನ ಕ್ಲಾಸಲ್ಲೂ ಅರ್ಧ ಜನ ಅದನ್ನೇ ಮಾಡ್ತಿದ್ರಲ್ಲ ಸಾರ್?"

"ಮಾಡ್ತಿದ್ರು. ನೀವು ಮಾರ್ಕ್ಸ್ ಕೊಡ್ತಿರಲಿಲ್ಲ."

ಸಾಂದ್ರತೆ

ಮಂಗಳವಾರ, ನಮ್ಮ ಮನೆಯಿರುವ ಬೋಗಾದಿಯಿಂದ ಬಸ್ಸು ಹತ್ತಿದೆ. ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಗಳಿಗೆ ಪಾಳಿಗೆ ಹೋಗುವವರೆಲ್ಲ ಹತ್ತುವ ಬಸ್ಸು ಅದು. ಒಂದು ಕಾಲು ನನ್ನದು, ಇನ್ನೊಂದು ಯಾರದೆಂದು ಗೊತ್ತಾಗದ ಹಾಗೆ ನಿಂತಿದ್ದೆ. ಅಷ್ಟಾದರೂ ಮುಂದಿನ ಸ್ಟಾಪಿನಲ್ಲಿ ಕಂಡಕ್ಟರ್ ಸೀಟಿ ಊದಿ ನಿಲ್ಲಿಸಿದ.

ಒಂದು ಚದರ ಕಿಲೋಮೀಟರಿಗೆ ಎಷ್ಟು ಜನ ಎಂದು ವರ್ಷವಿಡೀ ಪಾಠ ಮಾಡುವವನು ನಾನು, ಸುಮ್ಮನಿರಲಾಗಲಿಲ್ಲ. "ಇನ್ನೂ ಹತ್ತಿಸ್ತೀರಲ್ರೀ, ಜಾಗ ಎಲ್ಲಿದೆ?"

"ಜಾಗ ಇಲ್ಲ ಅನ್ನೋರೆಲ್ಲ ಆಗ್ಲೇ ಹತ್ತಿರೋರೇ ಕಣ್ರೀ," ಎಂದ ಅವನು. "ಕೆಳಗೆ ನಿಂತಿರೋರು ಒಬ್ಬರೂ ಹಂಗಂತಿಲ್ಲ ನೋಡಿ."

ಅವಲಂಬಿತರು

ಆ ಸಂಜೆ ಮನೆಯಲ್ಲಿ ಪಾಠದ ತಯಾರಿ ನಡೆಸಿದ್ದೆ. "ಅದೇನೋ ಗೊಣಗ್ತಾ ಇದೀಯ?" ಎಂದು ಅಮ್ಮ ಕೇಳಿದರು. ದುಡಿಯುವ ವಯಸ್ಸಿನವರು ಒಂದು ಕಡೆ, ಮಕ್ಕಳು ಮುದುಕರು ಇನ್ನೊಂದು ಕಡೆ. ಈ ಎರಡನೆಯವರನ್ನು ಅವಲಂಬಿತರು ಅನ್ನುತ್ತೇವೆ ಎಂದು ವಿವರಿಸಿದೆ.

"ಹಾಗಾದ್ರೆ ನಾನು?"

"ನೀನು ಎಪ್ಪತ್ತು ದಾಟಿದೀಯಲ್ಲಮ್ಮ, ಅವಲಂಬಿತೆ," ಎಂದೆ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ಬುಧವಾರ ಬೆಳಿಗ್ಗೆ ಎದ್ದರೆ ಒಲೆ ತಣ್ಣಗಿತ್ತು. ಅಮ್ಮ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಬಾಗಿಲಲ್ಲಿ, ಪಕ್ಕದ ಭಾಗದಲ್ಲೇ ಇರುವ ನಮ್ಮ ಮನೆಯ ಒಡತಿ ಅಜ್ಜಿ ಖಾಲಿ ಲೋಟ ಹಿಡಿದು ನಿಂತಿದ್ದರು. ಅವರಿಗೆ ದಿನಾ ಬೆಳಗಾದರೆ ಅಮ್ಮನ ಕಾಫಿಯೇ ಆಗಬೇಕು.

"ಯಾಕಮ್ಮ, ಕಾಫಿ ಇಲ್ವಾ?" ಎಂದೆ.

"ನಾನು ಅವಲಂಬಿತೆ ಕಣೋ. ಯಾರಾದ್ರೂ ಮಾಡ್ಕೊಡ್ತಾರೇನೋ ಅಂತ ಕಾಯ್ತಾ ಇದೀನಿ."

ನಾನೇ ಮಾಡಿದೆ. ಅಜ್ಜಿ ಒಂದು ಗುಟುಕು ಕುಡಿದು ನನ್ನನ್ನೇ ದಿಟ್ಟಿಸಿದರು. "ಮೇಷ್ಟ್ರೇ, ನೀವು ಪಾಟನೇ ಮಾಡಿ," ಎಂದು ಲೋಟ ಅಲ್ಲೇ ಇಟ್ಟು ಹೊರಟರು.

ವಲಸೆ

ಇರುವ ಎಂಟು ಜನರನ್ನಾದರೂ ಖುಷಿಯಾಗಿಡೋಣ ಎಂದು ಗುರುವಾರ ಅವರನ್ನು ಬೋಗಾದಿಗೇ ಕರೆತಂದೆ. ಜನ ವಲಸೆ ಹೋಗಲು ಎರಡು ಕಾರಣ: ಇದ್ದ ಕಡೆ ಏನೋ ನೂಕಬೇಕು, ಇಲ್ಲವೇ ಹೋಗುವ ಕಡೆ ಏನೋ ಸೆಳೆಯಬೇಕು. ಇಷ್ಟನ್ನು ಹೇಳಿ, ಪ್ರಶ್ನೆ ಕೇಳುವುದು ಹೇಗೆಂದು ತೋರಿಸಲು ನಮ್ಮ ಮನೆಯೊಡತಿ ಅಜ್ಜಿಯ ಮುಂದೆಯೇ ನಿಂತೆ.

"ಅಜ್ಜಿ, ನೀವು ಹಳ್ಳಿಯಿಂದ ಮೈಸೂರಿಗೆ ಬಂದಿದ್ದು ಯಾವಾಗ?"

"ನಾನೆಲ್ಲಿಗ್ ಬಂದೆ? ಇಲ್ಲೇ ರಾಗಿ ಒಲ ಇತ್ತು, ಇಲ್ಲೇ ಕುಂತಿದ್ದೆ. ಮೈಸೂರೇ ಬಂದ್ಬುಡ್ತು."

ಹುಡುಗರು ಕಿಸಕ್ಕೆಂದರು. ನಾನು ಬಿಡಲಿಲ್ಲ. "ಅದನ್ನ ಸೆಳೆದಿದ್ದು ಏನು ಅಜ್ಜಿ?"

"ನಾವೇನ್ ಕರುದ್ವಾ? ನೆಂಟ್ರಂಗೆ ಬಂತು, ಓಗ್ಲೇ ಇಲ್ಲ."

ಹುಡುಗರು ನಗುತ್ತಾ ಹೊರಟರು. ನನ್ನ ಮುಖ ಬಾಡಿದ್ದು ನೋಡಿ ಅಜ್ಜಿ ವಿಷಯ ಏನೆಂದು ಕೇಳಿದರು. ಎಲ್ಲ ಹೇಳಿಕೊಂಡೆ. ಅವರದೇ ಮಹಡಿಯಲ್ಲಿ ಬಾಡಿಗೆಗಿರುವ ಏಳು ಹುಡುಗಿಯರು ನಮ್ಮ ಕಾಲೇಜಿನವರೇ, ಅವರೂ ಯೋಗಕ್ಕೇ ಸೇರಿದ್ದಾರೆ, ಕೇಳಿದರೆ "ನೋಡ್ತೀವಿ ಸಾರ್" ಅನ್ನುತ್ತಾರೆ ಎಂದೆ. ಹೀಗಾದರೆ ಅಮ್ಮನನ್ನೂ ಕರೆದುಕೊಂಡು ಊರು ಬಿಡಬೇಕಾಗುತ್ತದೆ ಎಂದೂ ಹೇಳಿದೆ.

"ಅಮ್ಮನ್ನೂವಾ?" ಎಂದರು ಅಜ್ಜಿ. ಸೆರಗು ಸಿಕ್ಕಿಸಿಕೊಂಡು ಎದ್ದರು.

ನೂಕು, ಸೆಳೆತ

ಶನಿವಾರ ಪೆಟ್ಟಿಗೆ ಕಟ್ಟುವ ಲೆಕ್ಕ ಹಾಕುತ್ತಲೇ ಕ್ಲಾಸಿಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಮಹಡಿಯ ಏಳೂ ಹುಡುಗಿಯರು ಮುಂದಿನ ಬೆಂಚುಗಳಲ್ಲಿ ಕೂತಿದ್ದರು! ಹಿಂದೆ ತಳ್ಳಿಸಿಕೊಂಡ ಹಳೆಯ ಎಂಟು ಜನ ಮುಂದೆ ಜಾಗ ಇಲ್ಲವೆಂದು ಗೊಣಗಿದರು. ನಾನು ಕಂಡಕ್ಟರನ ಮಾತನ್ನೇ ಅವರಿಗೆ ಒಪ್ಪಿಸಿದೆ.

"ನೋಡಿದಿರಾ, ಇದೇ ವಲಸೆ!" ಎಂದು ಉಬ್ಬಿ ಹೋದೆ. "ಈಗ ಹೇಳಿ, ನನ್ನ ಪಾಠದಲ್ಲಿ ನಿಮ್ಮನ್ನ ಸೆಳೆದಿದ್ದು ಏನು?"

ಒಬ್ಬಳು ಎದ್ದು ನಿಂತಳು. "ಸೆಳೆತ ಅಲ್ಲ ಸಾರ್, ನೂಕಿದ್ದು. 'ಮೇಷ್ಟ್ರ ಕಿಲಾಸಿಗೆ ಸೇರ್ದಿದ್ರೆ ಮನೆ ಕಾಲಿ ಮಾಡಿ' ಅಂದ್ಬುಟ್ರು ಅಜ್ಜಿ."

ಸಂಜೆ ಅಜ್ಜಿಗೆ ಕೈಮುಗಿದೆ. "ನನ್ನ ಮೇಲೆ ಇಷ್ಟು ಅಭಿಮಾನ ಇಟ್ಟಿದೀರಲ್ಲ ಅಜ್ಜಿ," ಎಂದೆ.

"ನಿಮ್ಮ ಮ್ಯಾಲಾ?" ಎಂದರು ಅಜ್ಜಿ. "ನೀವು ಓದ್ರೆ ಓಗಿ ಮೇಷ್ಟ್ರೇ. ನಿಮ್ಮಮ್ಮ ಓದ್ರೆ ಬೆಳಿಗ್ಗೆ ಕಾಪಿ ಯಾರ್ ಕೊಟ್ಟಾರು? ನೀವ್ ಮಾಡಿದ್ದು ನಾ ಕುಡಿದಿವ್ನಲ್ಲ."

ಒಳಗೆ ಬಂದೆ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಡಿಕಾಕ್ಷನ್ ಬಗ್ಗಿಸುತ್ತಾ, ತಿರುಗಿ ಕೂಡ ನೋಡದೆ ಕೇಳಿದರು:

"ಅವಲಂಬಿತರಿಗೆ ಸಕ್ಕರೆ ಎಷ್ಟು ಹಾಕ್ಲಪ್ಪಾ?"